ಅಪ್ಪ ಕಡೆದುಕೊಟ್ಟ ದುಂಡು ದಿಂಡು

ಬಾಗಿಲ ಹಲಗೆಗೆ ಪ್ಲೇನಿಂಗ್ ಮಾಡಿಸಲು ಇವತ್ತು ಮಾಗಡಿಯ ಹಳೆಯ ಮರದ ಮಿಲ್ಲಿಗೆ ಹೋಗಿದ್ದೆ. ಹಸಿ ಹೊಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಚಿಕ್ಕಪ್ಪನ ಕೈಗೆ ಸುತ್ತಿದ್ದ ಟವೆಲ್ಲು ಕಣ್ಣ ಮುಂದೆ ಬಂತು.

ನಾನು ಚಿಕ್ಕವಳಿದ್ದಾಗ ಚಿಕ್ಕಪ್ಪ ಇದೇ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಹಲಗೆ ಹೆರೆದು ನುಣುಪು ಮಾಡುವ ಪ್ಲೇನರ್ ಮಷಿನ್ನಿನಲ್ಲಿ ಬ್ಲೇಡು ಕೂರಿಸುವ, ಗಿರ್ರನೆ ತಿರುಗುವ ದಿಂಡು ಚೌಕದ್ದು. ಅದಕ್ಕೂ ಮೇಜಿಗೂ ನಡುವಿನ ಸಂದಿಯಲ್ಲಿ ಅವನ ಎರಡು ಬೆರಳು ಹೋದವು. ಗಾಯ ಒಣಗಿದ ದಿನ ಸಾಹುಕಾರರು ಹಾರ ಹಾಕಿ, ಬೂಂದಿ ಹಂಚಿ, ಮೇಸ್ತ್ರಿ ಎಂದು ಕರೆದರು. ಅಲ್ಲಿನ ಪದ್ಧತಿಯೇ ಅದು. ಬೆರಳು ಕಳಕೊಂಡವನಿಗೆ ಹಾರವಂತೆ! ಈಗ ನೆನೆದರೂ ಮೈ ಉರಿಯುತ್ತದೆ.

ಅಪ್ಪ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುತ್ತಿದ್ದವರು. ಹಾರ ಹಾಕಿದ ಮೂರನೆಯ ದಿನ, ಬೊಂಬೆಗೆ ಬಳಸುವ ಆಲೆ ಮರದಲ್ಲಿ ದುಂಡನೆಯ ದಿಂಡೊಂದನ್ನು ಕಡೆದು, ಬ್ಲೇಡು ಕೂರಲು ಸೀಳು ಕೊರೆದು, ನನ್ನನ್ನೂ ಕರೆದುಕೊಂಡು ಮಾಗಡಿ ಬಸ್ಸು ಹತ್ತಿದರು.

"ಸಾವ್ಕಾರ್ರೇ, ಇದ್ನ ನೋಡ್ಕೊಂಡು ಕಬ್ಬಿಣದಲ್ಲಿ ಮಾಡ್ಸಿ. ದುಂಡಗಿದ್ರೆ ಅಷ್ಟು ಸಂದಿ ಇರಾಕಿಲ್ಲ. ಒಸಿ ಚರ್ಮ ತರಚ್ಬೋದು, ಬೆರಳು ಒಳಕ್ಕೋಗಾಕಿಲ್ಲ."

"ಬೆರಳು ಹೋಗ್ದೆ ಯಾವನಯ್ಯಾ ಮೇಸ್ತ್ರಿ ಆಗಿರೋನು?" ಎಂದು ಸಾಹುಕಾರರು ನಕ್ಕರು. ದಿಂಡನ್ನು ಮಾತ್ರ ಇಟ್ಟುಕೊಂಡರು.

ಇವತ್ತು ನೋಡಿದರೆ ಮಷಿನ್ನಿನಲ್ಲಿ ಅದೇ ಚೌಕದ ದಿಂಡು! ಅಪ್ಪ ಕಡೆದದ್ದು ಗಲ್ಲಾಪೆಟ್ಟಿಗೆಯ ಪಕ್ಕ ಕೆಂಪು ಬಣ್ಣ ಬಳಿಸಿಕೊಂಡು ಕೂತಿತ್ತು. ಏನದು ಎಂದು ಸಾಹುಕಾರರ ಮಗನನ್ನು ಕೇಳಿದೆ.

"ಅದಾ? ಯಾವ್ದೋ ಚನ್ನಪಟ್ಟಣದ ಬೊಂಬೆ ಕಣಕ್ಕಾ," ಎಂದು ಐದೂ ಬೆರಳು ಚಾಚಿ ತೋರಿಸಿದ.

ಅವನ ಹಿಂದೆ ನನ್ನ ಹಲಗೆಯನ್ನು ಮಷಿನ್ನಿಗೆ ಒತ್ತುತ್ತಿದ್ದವನ ಕೈಯಲ್ಲಿ ಮೂರೇ ಇದ್ದವು.