ಎರಡೆರಡು ಡಿಸ್ಕಿನ ವಾಟ್ನಿ

ನನ್ನ ಸೋದರಮಾವಂದಿರು ಬೇರೆಯಾದ ಸುದ್ದಿ ನವನಗರದಲ್ಲಿದ್ದ ನನಗೆ ಫೋನಿನಲ್ಲಿ ತಿಳಿಯಿತು. ಇಳಕಲ್ಲಿನ ಫೋಟೋ ಸ್ಟುಡಿಯೋ ದೊಡ್ಡ ಮಾಮಾನ ಪಾಲಿಗೆ ಬಂದಿತ್ತು. ಸಣ್ಣ ಮಾಮಾ ಹುನಗುಂದದಲ್ಲಿ ಹೊಸ ಅಂಗಡಿ ಹಿಡಿದಿದ್ದ. ಆಸ್ತಿ ಹಂಚುವ ವಾಟ್ನಿಗೆ ಕೂತ ಹಿರಿಯರು ಕ್ಯಾಮೆರಾ, ದೀಪ, ಪರದೆಗಳನ್ನು ಹಂಚುವಷ್ಟರಲ್ಲಿ ಸುಸ್ತಾಗಿದ್ದರಂತೆ. ತಕರಾರಿಲ್ಲದೆ ಮುಗಿದದ್ದು ಒಂದೇ, ತೆಗೆದ ಫೋಟೋ, ವಿಡಿಯೋಗಳನ್ನೆಲ್ಲ ಕೂಡಿಡುವ, ನಾಲ್ಕು ಹಾರ್ಡ್ ಡಿಸ್ಕ್‌ಗಳಿದ್ದ ಡಬ್ಬಿ. ಅಣ್ಣನಿಗೆರಡು, ತಮ್ಮನಿಗೆರಡು. ಖಾಲಿ ಡಬ್ಬಿ ಅಣ್ಣನಿಗೆ, ಅದರ ಬದಲಿಗೆ ತಮ್ಮನಿಗೊಂದು ಕ್ಯಾಮೆರಾ ಸ್ಟ್ಯಾಂಡು.

ಆ ಡಬ್ಬಿಯನ್ನು ಜೋಡಿಸಿಕೊಟ್ಟವಳು ನಾನೇ. ಒಂದು ಡಿಸ್ಕ್ ಕೆಟ್ಟರೂ ಏನೂ ಹೋಗುವುದಿಲ್ಲ ಎಂದು ಅಂದು ಹೇಳಿದ್ದೆ. ಒಂದೊಂದರಲ್ಲೂ ಎಲ್ಲವೂ ಇದೆ ಎಂದು ಇಬ್ಬರೂ ತಿಳಿದುಕೊಂಡಿದ್ದರು.

ಅದರಲ್ಲಿ ಇಡೀ ಊರಿನ ಮದುವೆಗಳಿದ್ದವು. ನನಗೆ ಬೇಕಾದದ್ದು ಎರಡು ನಿಮಿಷ ಮಾತ್ರ. ಸಣ್ಣ ಮಾಮಾನ ಮಗಳ ತೊಟ್ಟಿಲ ಕಾರ್ಯಕ್ರಮದ ವಿಡಿಯೋದಲ್ಲಿ ನಮ್ಮವ್ವ ಮಾತಾಡುತ್ತಾಳೆ. ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳ ಧ್ವನಿ ಬೇರೆಲ್ಲಿಯೂ ಉಳಿದಿರಲಿಲ್ಲ. ಮಾಮಾಂದಿರಿಗೆ ಇದನ್ನು ಹೇಳಲಿಲ್ಲ. ಹಳೆಯದೊಂದು ವಿಡಿಯೋ ಬೇಕು ಎಂದಷ್ಟೇ ಹೇಳಿದೆ.

ದೊಡ್ಡ ಮಾಮಾನಿಗೆ ಫೋನಿನಲ್ಲೇ ಪಾಠ ಮಾಡಿದೆ. ಮೂರು ಡಿಸ್ಕ್‌ಗಳಲ್ಲಿ ಮೂರು, ಐದು, ನಾಲ್ಕು ಎಂದು ಬರೆದಿದೆ ಅಂದುಕೊಳ್ಳಿ. ನಾಲ್ಕನೆಯದರಲ್ಲಿ ಅವುಗಳ ಮೊತ್ತ, ಹನ್ನೆರಡು. ಯಾವ ಒಂದು ಅಳಿದರೂ ಉಳಿದ ಮೂರರಿಂದ ಅದನ್ನು ಲೆಕ್ಕ ಹಾಕಬಹುದು. ಎರಡು ಅಳಿದರೆ ಆಗುವುದಿಲ್ಲ. ಒಂದೊಂದು ಫೋಟೋವನ್ನೂ ಡಬ್ಬಿ ಹೀಗೆ ಚೂರು ಮಾಡಿ ಹಂಚಿಡುತ್ತದೆ.

"ಅಂದ್ರ ಪೂರ್ತಿ ಫೋಟೋ ಯಾವುದ್ರಾಗೂ ಇಲ್ಲೇನು?"

"ಇಲ್ರಿ ಮಾಮಾ."

"ಮತ್ತ ನಾಲ್ಕು ಯಾಕ ತಗೊಂಡಿವಿ?"

ಮತ್ತೆ ಮೂರು, ಐದು, ನಾಲ್ಕರಿಂದ ಶುರುಮಾಡಿದೆ. ಕೊನೆಗೆ ಅವನು, ಇರಲಿ, ನನ್ನ ಪಾಲಿನವು ನನ್ನ ಹತ್ತಿರ ಭದ್ರವಾಗಿವೆ ಎಂದ. ತಮ್ಮನಿಗೆ ಕೊಡುವುದಿಲ್ಲ ಎಂದು ಅದರ ಅರ್ಥ.

ತಮ್ಮನ ಡಿಸ್ಕ್‌ಗಳನ್ನು ನಾನೇ ಇಳಕಲ್ಲಿನ ಡಬ್ಬಿಗೆ ಒಯ್ಯಬೇಕೆಂದು ರವಿವಾರ ಬಸ್ಸು ಹತ್ತಿ ಮೊದಲು ಹುನಗುಂದದಲ್ಲಿ ಇಳಿದೆ. ಸಣ್ಣ ಮಾಮಾ ಒಂದು ಡಿಸ್ಕನ್ನು ದೇವರ ಜಗಲಿಯ ಪಕ್ಕದ ಕಪಾಟಿನಲ್ಲಿ ವಸ್ತ್ರದಲ್ಲಿ ಸುತ್ತಿ ಇಟ್ಟಿದ್ದ. ಇನ್ನೊಂದು ಅವನ ಕಂಪ್ಯೂಟರಿಗೆ ಜೋಡಿಸಿತ್ತು. ಜೋಡಿಸಿದಾಗ ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರು ಕೇಳಲಿಲ್ಲವೇ ಎಂದೆ.

"ಕೇಳ್ತು, ನಾ ಹ್ಞೂಂ ಅಂದೆ. ಖಾಲಿನ ಇತ್ತು ಬಿಡವಾ."

ಅದರಲ್ಲಿದ್ದ ಚೂರುಗಳೆಲ್ಲ ಅಳಿಸಿಹೋಗಿದ್ದವು. ಅವನನ್ನು ಬೈದರೆ ಕಪಾಟಿನಲ್ಲಿದ್ದದ್ದೂ ಸಿಗುವುದಿಲ್ಲ. ಇನ್ನು ಮೂರು ಉಳಿದಿದ್ದವು. ಮೂರು ಸಾಕು, ಆದರೆ ಆ ಮೂರರಲ್ಲಿ ಒಂದಕ್ಕೂ ಏನೂ ಆಗಿರಬಾರದು.

ಕಪಾಟಿನ ಡಿಸ್ಕನ್ನು ಅವನು ನನ್ನ ಕೈಗೆ ಕೊಟ್ಟ. ಅಣ್ಣನ ಅಂಗಡಿಯ ಮೆಟ್ಟಿಲು ತುಳಿಯುವುದಿಲ್ಲ ಎಂದೂ ಹೇಳಿದ. ನಾನು ಇಳಕಲ್ ಮುಟ್ಟಿ ಡಬ್ಬಿಯ ಧೂಳು ಒರೆಸುವಷ್ಟರಲ್ಲಿ ಅವನ ಬೈಕು ಸ್ಟುಡಿಯೋದ ಮುಂದೆ ನಿಂತಿತ್ತು. ತನ್ನ ಡಿಸ್ಕನ್ನು ಅಣ್ಣನ ಹತ್ತಿರ ಒಂದು ತಾಸು ಬಿಡಲೂ ಅವನಿಗೆ ಧೈರ್ಯವಿರಲಿಲ್ಲ. ಮೆಟ್ಟಿಲು ತುಳಿಯದೆ ಬಾಗಿಲಾಚೆಗೇ ನಿಂತ.

ಮೂರು ಡಿಸ್ಕ್ ಹಾಕಿ, ನಾಲ್ಕನೆಯ ಖಾನೆ ಖಾಲಿ ಬಿಟ್ಟು ಗುಂಡಿ ಒತ್ತಿದೆ. ಡಬ್ಬಿ ಒಂದೇ ಸಮನೆ ಪೀ ಪೀ ಎನ್ನತೊಡಗಿತು, ಖಾಲಿ ಖಾನೆಯ ಮೇಲೆ ಕೆಂಪು ದೀಪ ಹತ್ತಿತು. ಕೆಟ್ಟಿತು ಎಂದು ದೊಡ್ಡ ಮಾಮಾ. ಕೆಡಿಸಿದವರು ಯಾರು ಎಂದು ಬಾಗಿಲಾಚೆಯಿಂದ ಸಣ್ಣ ಮಾಮಾ. ಒಂದು ಡಿಸ್ಕ್ ಇಲ್ಲ ಎಂದು ಕೂಗುತ್ತಿದೆ ಅಷ್ಟೇ, ಇಬ್ಬರೂ ಸುಮ್ಮನಿರಬೇಕು ಎಂದೆ. ಅಷ್ಟು ಗಟ್ಟಿಯಾಗಿ ನಾನು ಅವರೆದುರು ಎಂದೂ ಮಾತಾಡಿರಲಿಲ್ಲ.

ಫೋಲ್ಡರುಗಳು ಒಂದೊಂದಾಗಿ ತೆರೆದುಕೊಂಡವು. ತೊಟ್ಟಿಲ ವಿಡಿಯೋ ಹಚ್ಚಿದೆ. ಹೆಂಗಸರ ಗದ್ದಲ, ಪಾತ್ರೆಗಳ ಸದ್ದು. ಕ್ಯಾಮೆರಾ ಹಿಡಿದಿದ್ದ ಸಣ್ಣ ಮಾಮಾನ ಕಡೆ ತಿರುಗಿ ಅವ್ವ ಸೆರಗು ಸರಿಪಡಿಸಿಕೊಂಡಳು.

"ಏ, ನನ್ನ ಯಾಕ ತಗೀತಿ? ಕೂಸಿನ್ನ ತಗಿ. ನಾ ಎಲ್ಲಿ ಓಡಿ ಹೋಗ್ತೇನಿ?"

ಸಣ್ಣ ಮಾಮಾ ಯಾವಾಗ ಒಳಗೆ ಬಂದು ನನ್ನ ಕುರ್ಚಿಯ ಹಿಂದೆ ನಿಂತನೋ ತಿಳಿಯಲಿಲ್ಲ. ಇನ್ನೊಮ್ಮೆ ಹಚ್ಚು ಎಂದ. ಹಚ್ಚಿದೆ.

ಸಂಜೆಯವರೆಗೆ ಕೂತು ನಾನು ತಂದಿದ್ದ ಎರಡು ಹೊಸ ಡಿಸ್ಕ್‌ಗಳಿಗೆ ಎಲ್ಲವನ್ನೂ ನಕಲು ಮಾಡಿದೆ. ಒಬ್ಬೊಬ್ಬರಿಗೆ ಒಂದೊಂದು, ಎರಡರಲ್ಲೂ ಎಲ್ಲವೂ ಇವೆ ಎಂದು ಮೂರು ಸಲ ಹೇಳಿದೆ. ಇಷ್ಟಾದ ಮೇಲೆ ಡಬ್ಬಿ ಯಾರದು ಎಂಬ ವಾದ ಶುರುವಾಯಿತು. ಡಬ್ಬಿ ನನ್ನದು ಎಂದು ಒಬ್ಬ, ಒಳಗೆ ನನ್ನ ಡಿಸ್ಕ್ ಇದೆ ಎಂದು ಇನ್ನೊಬ್ಬ. ನಾನು ವೈರು ಕಿತ್ತು ಡಬ್ಬಿಯನ್ನು ಚೀಲಕ್ಕೆ ಹಾಕಿದೆ.

"ವಾಟ್ನ್ಯಾಗ ಅವ್ವನ ಹೆಸರಽ ತಗದಿಲ್ಲ ನೀವು. ಇದು ಅವ್ವನ ಪಾಲು."

ಚೀಲವನ್ನು ಹೆಗಲಿಗೇರಿಸಿ ಬಸ್ ನಿಲ್ದಾಣಕ್ಕೆ ನಡೆದೆ.

ಬಸ್ಸು ಹೊರಡುವ ಹೊತ್ತಿಗೆ ಸಣ್ಣ ಮಾಮಾ ಬೈಕಿನಲ್ಲಿ ಬಂದು, ಹುನಗುಂದದಿಂದ ತಂದಿದ್ದ ಆ ನಾಲ್ಕನೆಯ ಡಿಸ್ಕನ್ನು ಕಿಟಕಿಯಿಂದ ಕೊಟ್ಟ.

"ಇದನ್ನೂ ಒಯ್ಯವಾ. ಖಾಲಿನ ಐತಿ."

ಉಳಿದ ಮೂರರಿಂದ ಇದು ಮತ್ತೆ ತುಂಬಿಕೊಳ್ಳುತ್ತದೆ ಎಂದು ಅವನಿಗೆ ವಿವರಿಸಬಹುದಿತ್ತು. ಮೂರು, ಐದು, ನಾಲ್ಕರಿಂದ ಶುರುಮಾಡಬೇಕಿತ್ತು. ಹೂಂ ಎಂದು ಇಸಿದುಕೊಂಡೆ.