ಹಲ್ಲು ಕಿತ್ತ ದಿನ ನೀಲಮ್ಮ ಹೇಳಿದ್ದು

ಮೂವತ್ತು ವರ್ಷ ಮಕ್ಕಳಿಗೆ 'ಬಾಯಿ ಮುಚ್ಚಿ ಕೂಡ್ರಿ' ಎಂದು ಗದರಿಸಿದ ಮಾಸ್ತರ ನಾನು. ಅದೆಷ್ಟು ಕಷ್ಟದ ಕೆಲಸವೆಂದು ಗೊತ್ತಾದದ್ದು ಮೊನ್ನೆ ಮೊನ್ನೆ, ದವಡೆ ಹಲ್ಲು ಕೀಳಿಸಿಕೊಂಡ ದಿನ.

ಕಲಬುರಗಿಯ ಸೇಡಂ ರಸ್ತೆಯ ದವಾಖಾನೆಯಲ್ಲಿ ಡಾಕ್ಟರಮ್ಮ ಹಲ್ಲು ಕಿತ್ತು, ಆ ಜಾಗದಲ್ಲಿ ಹತ್ತಿಯ ಉಂಡೆ ಇಟ್ಟು, "ಒಂದು ತಾಸು ಗಟ್ಟಿ ಕಚ್ಚಿ ಹಿಡೀರಿ. ಮಾತಾಡಬ್ಯಾಡ್ರಿ, ಉಗುಳಬ್ಯಾಡ್ರಿ" ಎಂದಿದ್ದರು. ಆದರೆ ಕಮಲಾಪುರದ ಬಸ್ಸಿನಲ್ಲಿ ಪರಿಚಯದವರೊಬ್ಬರು ಪಕ್ಕಕ್ಕೇ ಕುಳಿತರು. ಅಷ್ಟು ದೊಡ್ಡ ಹಲ್ಲಿನ ಕಥೆ ಹೇಳದೆ ಇರುವುದುಂಟೇ? ಹತ್ತಿಯನ್ನು ಕರವಸ್ತ್ರದಲ್ಲಿ ಸುತ್ತಿಟ್ಟು ಊರು ಬರುವವರೆಗೂ ಹೇಳಿದೆ.

ಮನೆಗೆ ಬಂದು ಬಾಯಿ ಮುಕ್ಕಳಿಸಿದೆ. ರಕ್ತ. ಮತ್ತೆ ಮುಕ್ಕಳಿಸಿದೆ. ಇನ್ನಷ್ಟು ರಕ್ತ. ಮಧ್ಯಾಹ್ನ ಮೂರಾದರೂ ನಿಲ್ಲಲಿಲ್ಲ. ಹೆಂಡತಿ ನೀಲಮ್ಮ ಬಚ್ಚಲಿಗೆ ಬಂದು ನೋಡಿ ಗಾಬರಿಯಾದಳು.

"ದಿನಾ ರಕ್ತ ತೆಳ್ಳಗಾಗೋ ಗುಳಿಗಿ ತಗೋತೀರಲ್ಲ, ಅದನ್ನ ಡಾಕ್ಟರಿಗಿ ಹೇಳೀರಿಲ್ಲೋ?"

ಹೇಳಿರಲಿಲ್ಲ. ಅವರು ಕೇಳಿದ್ದರು, ಹೃದಯದ ವಿಚಾರ ಹಲ್ಲಿನವರಿಗೇಕೆಂದು ನಾನೇ 'ಏನೂ ಇಲ್ರೀ' ಎಂದಿದ್ದೆ. ಗಟ್ಟಿಮುಟ್ಟಾದ ಆಸಾಮಿಯಂತೆ ಕಾಣುವ ಆಸೆಯೂ ಇತ್ತೆನ್ನಿ.

ನೀಲಮ್ಮ ಒಗೆದ ಬಟ್ಟೆಯನ್ನು ಮಡಚಿ ನನ್ನ ಬಾಯಲ್ಲಿಟ್ಟು ಕಚ್ಚಿಸಿ, ಪಕ್ಕದ ಮನೆಯವರ ಕಾರಿನಲ್ಲಿ ಕೂಡಿಸಿದಳು. ದಾರಿಯುದ್ದಕ್ಕೂ ಕೈ ಬಿಡಲಿಲ್ಲ. ಅರ್ಧ ದಾರಿಗೆ ಮೆಲ್ಲಗೆ ಹೇಳಿದಳು: "ಭಾಳ ಅಂಜಿಕಿ ಆಗ್ಯಾದ್ರೀ. ಕಾರು ಸಿಗಲಿಲ್ಲಂದ್ರ ನಾ ಒಬ್ಬಾಕಿ ಏನು ಮಾಡ್ತಿದ್ದೆ? ನಾ ಸ್ಕೂಟಿ ಕಲೀತೀನಿ. ಎರಡು ವರ್ಷದಿಂದ ಕೇಳಬೇಕಂತೀನಿ, ನಿಮ್ಮ ಮಾತೇ ಮುಗಿಯೂದಿಲ್ಲ."

ನನ್ನಲ್ಲಿ ಹತ್ತು ಆಕ್ಷೇಪಣೆಗಳು ಸಿದ್ಧವಾಗಿದ್ದವು. ಬಾಯಲ್ಲಿ ಬಟ್ಟೆ. ಅವಳ ಕಣ್ಣಲ್ಲಿ ನೀರು ಕಂಡಿತು. ಆಕ್ಷೇಪಣೆಗಳು ಒಂದೊಂದಾಗಿ ತಾವೇ ಕರಗಿದವು. ತಲೆಯಾಡಿಸಿದೆ.

ಡಾಕ್ಟರಮ್ಮ ಎರಡು ಹೊಲಿಗೆ ಹಾಕಿ, ಹೊಸ ಹತ್ತಿ ಕಚ್ಚಿಸಿ, ಒಂದು ತಾಸು ಎದುರಿಗೇ ಕೂಡಿಸಿಕೊಂಡರು. ಆಮೇಲೆ ತೆಗೆದು ನೋಡಿ ನಕ್ಕರು. "ನಿಂತದ. ಹೆಪ್ಪುಗಟ್ಟ್ಯಾದ, ಮುಟ್ಟಬ್ಯಾಡ್ರಿ. ಗುಳಿಗಿ ನಿಮ್ಮಷ್ಟಕ್ಕ ನೀವೇ ಬಿಡಬ್ಯಾಡ್ರಿ. ಆದ್ರ ಇನ್ನ ಮ್ಯಾಲೆ ಕೇಳಿದಾಗ ಖರೇ ಹೇಳ್ರಿ, ಸರ್."

ಗಾಯ ಮಾಯಿತು. ಈಗ ದಿನಾ ಮುಂಜಾನೆ ಬಾಳೆತೋಟದ ದಾರಿಯಲ್ಲಿ ನೀಲಮ್ಮ ಸ್ಕೂಟಿ ನಡೆಸುತ್ತಾಳೆ, ನಾನು ಹಿಂದೆ ಹಿಡಿದುಕೊಂಡು ಏದುಸಿರು ಬಿಡುತ್ತ ಓಡುತ್ತೇನೆ. ನಿನ್ನೆ "ಕೈ ಬಿಡ್ರಿ" ಎಂದಳು. ಬಿಟ್ಟೆ. ತಿರುವಿನವರೆಗೆ ಒಬ್ಬಳೇ ಹೋಗಿ, ಗಾಡಿ ತಿರುಗಿಸಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದಳು.

"ಹಿಂದ ಕೂಡ್ರಿ" ಎಂದಳು.

ಕುಳಿತೆ.