ಡಬ್ಬಿಯಿಂದ ಹೊರಬಂದ ಗುರುತುಗಳು

ಹೊನ್ನಾವರದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಬರುವವರಲ್ಲಿ ಮುಕ್ಕಾಲು ಮಂದಿ ಕೇಳುವುದು ಒಂದೇ: "ಕ್ರ್ಯಾಕ್ ಮಾಡಿದ್ದು ಹಾಕ್ಕೊಡಿ ಅಕ್ಕಾ." ಕದ್ದ ಸಾಫ್ಟ್‌ವೇರ್ ಯಾಕೆ, ಅದೇ ಕೆಲಸ ಮಾಡುವ ಮುಕ್ತ ತಂತ್ರಾಂಶ ಇದೆ, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಒಳಗೆ ಏನಿದೆ ಎಂದು ಬಿಚ್ಚಿಯೂ ನೋಡಬಹುದು ಎಂದು ನಾನು ಶುರುಮಾಡುತ್ತೇನೆ. ಅವರ ಮುಖ ಪಥ್ಯದ ಗಂಜಿ ಕಂಡವರ ಹಾಗಾಗುತ್ತದೆ. ಹಾಕಿಸಿಕೊಂಡು ಹೋದವರೂ ವಾರದೊಳಗೆ ವಾಪಸು ಬರುತ್ತಾರೆ. ಅಕ್ಷರ ಒಡೆಯಿತು, ಪ್ರಿಂಟರ್ ಮಾತು ಕೇಳುತ್ತಿಲ್ಲ, ಮಗಳ ಕಾಲೇಜಿನಲ್ಲಿ ಇದು ನಡೆಯುವುದಿಲ್ಲವಂತೆ. ನಾನು ಮತ್ತೆ ಕೂತು ಸರಿಮಾಡುತ್ತೇನೆ. ಇದನ್ನು ನಂಬಿ ಅಂಗಡಿ ಹಾಕಿದವಳು ನಾನೇ, ಇನ್ನು ಯಾರನ್ನು ಬೈಯಲಿ. ಸಂಜೆ ಶಟರ್ ಎಳೆಯುವಾಗ ಹೇಳಿದ್ದನ್ನೇ ಹೇಳಿ ಹೇಳಿ ದವಡೆ ನೋಯುತ್ತಿರುತ್ತದೆ.

ಈಚೆಗಂತೂ ಯಾರಿಗೂ ಏನೂ ಹೇಳುವುದೇ ಬೇಡ ಎನ್ನಿಸಿತ್ತು. ಅಂಥ ಹೊತ್ತಿಗೇ ಮಳೆಗಾಲದ ಒಂದು ಮಧ್ಯಾಹ್ನ ಅಣ್ಣ ತವರಿಂದ ಬಂದು, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ ಡಬ್ಬಿಯೊಂದನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟ.

ನನ್ನ ತವರು ಮುರ್ಡೇಶ್ವರದ ಪಕ್ಕ, ಮಾವಳ್ಳಿ. ಅಪ್ಪ ಅಲ್ಲಿ ತಾಂಡೇಲನಾಗಿದ್ದ. ತಾಂಡೇಲ ಅಂದರೆ ಬೋಟಿನ ಯಜಮಾನಿಕೆ ಅವನದು. ಎಲ್ಲಿ ಬಲೆ ಬಿಡಬೇಕು, ಎಲ್ಲಿ ಬಿಟ್ಟರೆ ಅಡಿಯ ಕಲ್ಲಿಗೆ ಸಿಕ್ಕಿ ಹರಿಯುತ್ತದೆ ಎಂಬುದು ಅವನಿಗೇ ಗೊತ್ತಿರಬೇಕು. ಆ ಜಾಗಗಳನ್ನೆಲ್ಲ ಅಪ್ಪ ವರ್ಷಗಟ್ಟಲೆ ಜಿಪಿಎಸ್ ಡಬ್ಬಿಯಲ್ಲಿ ಗುರುತು ಹಾಕಿ ಇಟ್ಟಿದ್ದ. ಕ್ಯಾಬಿನ್ನಿನಲ್ಲಿ ಡಬ್ಬಿಯ ಮುಂದೆ ಅವನೊಬ್ಬನೇ ಕೂರುತ್ತಿದ್ದುದು. ಅಣ್ಣ ಅದೇ ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದ. ಈ ಸಲ ಮೊಣಕಾಲು ಕೇಳುವುದಿಲ್ಲ ಎಂದು ಅಪ್ಪ ಮನೆಯಲ್ಲಿ ಕೂತ, ಬೋಟು ಅಣ್ಣನ ಕೈಗೆ ಬಂತು. ಬೋಟು ಕೈಗೆ ಬಂದ ಮಳೆಗಾಲದಲ್ಲೇ ಡಬ್ಬಿಗೆ ಉಪ್ಪುನೀರಿನ ಪಸೆ ಹೊಕ್ಕು ಅದು ಸತ್ತುಹೋಗಿತ್ತು.

ಕಂಪನಿಯವರಿಗೆ ಫೋನು ಮಾಡಿದೆ. ಹಳೇ ಮಾಡೆಲ್ಲು, ರಿಪೇರಿ ಇಲ್ಲ, ಹೊಸದು ತಗೊಳ್ಳಿ ಎಂದರು. ಒಳಗಿನ ಗುರುತುಗಳು? ಅವು ಆ ಡಬ್ಬಿಯಲ್ಲೇ ತೆರೆಯುವಂಥವು ಮೇಡಂ, ಬೇರೆ ಕಡೆ ಬರುವುದಿಲ್ಲ. ಅಪ್ಪ ಕಂಡಿದ್ದು, ಅಪ್ಪ ಬರೆದಿದ್ದು, ಬೀಗ ಮಾತ್ರ ಕಂಪನಿಯದು. ನನಗೆ ಸಿಟ್ಟು ಬಂತು. ಬಂದರೂ ಫೋನೆತ್ತಿದ ಆ ಹೆಂಗಸಿನ ಮೇಲೆ ತೀರಿಸಿಕೊಳ್ಳುವಂತಿರಲಿಲ್ಲ, ಅವಳೂ ನನ್ನ ಹಾಗೇ ಹೇಳಿದ್ದನ್ನೇ ಹೇಳಿ ದಣಿದವಳು.

"ಬಲೆ ಬಿಡೂ ಪಾಯಿಂಟ್ ಇಲ್ದೆ ನಾ ಎಂತ ತಾಂಡೇಲ?" ಅಂದ ಅಣ್ಣ. "ಒಂದು ವಾರ ಬರಿ ಬಲೆ ಎಳದ್ರೆ ಸಾಕು, ಖಲಾಸಿಗಳು ಬೇರೆ ಬೋಟು ಹತ್ತುತ್ರು."

ಖಲಾಸಿಗಳೆಂದರೆ ಬೋಟಿನ ಆಳುಗಳು. ಅವರು ಹೋದರೆ ಬೋಟು ದಡದಲ್ಲೇ. ಅಣ್ಣನ ಕಣ್ಣು ನೋಡಿ ನನಗೆ ಹೆದರಿಕೆಯಾಯಿತು. ಡಬ್ಬಿಯೊಳಗಿನ ಮೆಮೊರಿ ಕಾರ್ಡು ತೆಗೆದಿಟ್ಟುಕೊಂಡು, ನೋಡುತ್ತೇನೆ ಎಂದೆ.

ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅದನ್ನೇ ಹಿಡಿದು ಕೂತೆ. ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಹಾಕಿದ ನನ್ನ ಕಂಪ್ಯೂಟರಿನಲ್ಲಿ ಕಾರ್ಡು ತೆರೆಯಿತು, ಒಳಗಿನ ಫೈಲು ಮಾತ್ರ ಅರ್ಥವಾಗದ ಚಿಹ್ನೆಗಳ ರಾಶಿ. ಹುಡುಕುತ್ತಾ ಹೋದಾಗ ಎಲ್ಲೋ ಚಳಿ ದೇಶದ ಒಬ್ಬ ಬೋಟಿನವನು ಸಿಕ್ಕಿದ. ಅವನದೂ ಅದೇ ಡಬ್ಬಿ ಕೆಟ್ಟಿತ್ತಂತೆ. ಅವನ ಗೋಳು ಕೇಳಿದ ಯಾರೋ ಪುಣ್ಯಾತ್ಮ ಆ ಫೈಲನ್ನು ಬಿಡಿಸುವ ಪ್ರೋಗ್ರಾಂ ಬರೆದು, ಬೇಕಾದವರು ಒಯ್ಯಿರಿ ಎಂದು ಇಟ್ಟಿದ್ದ. ಒಯ್ದೆ. ಒಂದೆರಡು ಕಡೆ ತಪ್ಪು ತೋರಿಸಿತು, ತಿದ್ದಿದೆ. ಆಮೇಲೆ ಪರದೆಯ ಮೇಲೆ ಅಪ್ಪನ ಗುರುತುಗಳು ಒಂದರ ಕೆಳಗೊಂದು ಇಳಿದವು. ಕೆಲವಕ್ಕೆ ಅವನೇ ಇಟ್ಟ ಹೆಸರಿತ್ತು: ದೊಡ್ಡ ಕಲ್ಲು, ಬಂಗಡೆ, ಬಲೆ ಹರಿದಲ್ಲಿ. ಬಹಳ ದಿನದ ಮೇಲೆ ನನಗೆ ನನ್ನ ಕೆಲಸದ ಮೇಲೆ ಪ್ರೀತಿ ಬಂತು. ಕಣ್ಣಲ್ಲಿ ನೀರೂ ಬಂತು, ಒರೆಸಿಕೊಂಡೆ.

ಎಲ್ಲವನ್ನೂ ಒಂದು ಹಳೇ ಮೊಬೈಲಿಗೆ ಹಾಕಿದೆ. ಅದರಲ್ಲಿ ನಕ್ಷೆ ತೋರಿಸುವುದೂ ಮುಕ್ತ ತಂತ್ರಾಂಶವೇ, ಸಮುದ್ರದ ನಡುವೆ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುವಂಥದ್ದು. ಅದನ್ನು ಅಣ್ಣನ ಕೈಗೆ ಕೊಟ್ಟು, ಅಪ್ಪನಿಗೆ ತೋರಿಸೋಣವಾ ಎಂದೆ.

"ಬ್ಯಾಡ," ಅಂದ ಅಣ್ಣ. "ಮೊಬೈಲಿಗೆ ಬಂತು ಅಂದ್ರೆ ಊರಿಗೇ ಹಂಚ್ದಂಗೆ ಅಂತ ಕೂಗೂಕೆ ಶುರು ಮಾಡ್ತ. ಮೊದ್ಲು ಮೀನು ತರ್ವ, ಆಮೇಲೆ ಹೇಳ್ವ."

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಇಳಿದವು. ಮೊದಲ ಸಲ ಹೋದ ಅಣ್ಣ ಹೇಳಿದ್ದಕ್ಕಿಂತ ಬೇಗ ವಾಪಸು ಬಂದ. ಗುರುತಿನ ಪ್ರಕಾರ ಅಡಿಯಲ್ಲಿ ಬರೀ ಕೆಸರಿರಬೇಕಾದ ಕಡೆ ಬಲೆ ಬಿಟ್ಟಿದ್ದ. ಅಲ್ಲಿ ಕಲ್ಲಿತ್ತು. ಬಲೆಯ ಅರ್ಧ ಸಮುದ್ರದಲ್ಲೇ ಉಳಿಯಿತು.

ಫೋನಿನಲ್ಲಿ ಅವನು ಕೂಗಲಿಲ್ಲ. "ಪುಕ್ಕಟೆ ಸಿಕ್ಕಿದ್ದು ಹೀಂಗೇ, ತಂಗಿ," ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಂಗಡಿ ಮುಚ್ಚಿ ಮಾವಳ್ಳಿಯ ಬಸ್ಸು ಹತ್ತಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ದಾರಿಯುದ್ದಕ್ಕೂ ತಲೆಯಲ್ಲಿ ಸುತ್ತುತ್ತಿತ್ತು. ಲೆಕ್ಕವನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿದ್ದೆ, ಪ್ರೋಗ್ರಾಂ ತಪ್ಪಿರಲಿಲ್ಲ. ಬಸ್ಸಿಳಿದು, ಅಣ್ಣನಿಂದ ಮೊಬೈಲು ಇಸಿದುಕೊಂಡು ಬಂದರಿನಲ್ಲಿ ನಿಂತು ನೋಡಿದರೆ ಅದು ಬಂದರನ್ನೇ ತೋರಿಸುತ್ತಿತ್ತು. ಹಾಗಾದರೆ ತಪ್ಪು ಎಲ್ಲಿ? ಇನ್ನು ಅಪ್ಪನನ್ನು ಕೇಳದೆ ದಾರಿ ಇರಲಿಲ್ಲ.

ಅಪ್ಪ ಒಳಕೋಣೆಯಲ್ಲಿ ಮಂಚದ ಮೇಲೆ ಕಾಲು ನೀಡಿ ಕೂತಿದ್ದ. ಅಣ್ಣ ತಲೆ ತಗ್ಗಿಸಿ ಎಲ್ಲ ಹೇಳಿದ. ಅಪ್ಪ ಬೈಯುತ್ತಾನೆಂದು ನಾವಿಬ್ಬರೂ ಕಾದೆವು. ಅವನು ನಕ್ಕ.

"ಇದ್ದಲ್ಲೇ ಗುರ್ತು ಹಾಕೂಕೆ ನಂಗೆ ಮರುಳಾ?" ಅಂದ. "ಖಲಾಸಿ ಇವತ್ತು ನಮ್ಮ ಬೋಟು, ನಾಳೆ ಮತ್ತೊಬ್ಬಂದು. ಡಬ್ಬಿ ನೋಡೂಕೆ ಕಣ್ಣು ಎಲ್ಲರಿಗೂ ಅದೆ. ಎಲ್ಲಾದ್ನೂ ಒಂದೇ ಲೆಕ್ಕದಲ್ಲಿ ದೂರ ಸರ್ಸಿ ಹಾಕಿದ್ದೆ. ಲೆಕ್ಕ ತಲೇಲಿ ಅದೆ."

ಅದು ಅಪ್ಪನೊಬ್ಬನ ಜಾಣತನವಲ್ಲ, ಹಳೇ ತಾಂಡೇಲರಲ್ಲಿ ಸುಮಾರು ಮಂದಿ ಹೀಗೇ ಮಾಡುತ್ತಿದ್ದರಂತೆ. ಎಷ್ಟೋ ವರ್ಷ ಜೊತೆಗೇ ಸಮುದ್ರಕ್ಕೆ ಹೋದ ಮಗನಿಗೂ ಹೇಳಿರಲಿಲ್ಲ. ಅವನು ಬೋಟು ಇಳಿಸುವ ಮೊದಲು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಡಬ್ಬಿಯೇ ಹೋಯಿತು, ಇನ್ನು ಹೇಳಿ ಏನು ಉಪಯೋಗ ಎಂದು ಬಿಟ್ಟೆ ಎಂದ ಅಪ್ಪ. ನನಗೆ ಹೋದ ಜೀವ ಬಂದ ಹಾಗಾಯಿತು. ಮೊಬೈಲು ತೆಗೆದು ಮಂಚದ ತುದಿಯಲ್ಲಿ ಕೂತೆ.

"ಎಷ್ಟು, ಯಾವ ಬದಿಗೆ, ಹೇಳಪ್ಪ. ಎಲ್ಲಾದ್ನೂ ಒಂದೇ ಸಲಕ್ಕೆ ಸರಿ ಮಾಡ್ಕೊಡ್ತೆ."

ಅಪ್ಪ ನನ್ನನ್ನು ನೋಡಿದ, ಅಣ್ಣನನ್ನು ನೋಡಿದ. "ನೀ ಸ್ವಲ್ಪ ಹೊರಗೆ ಕೂತ್ಕ, ಮಗಾ," ಅಂದ ನನಗೆ.

ನನ್ನ ಗಂಡನ ಅಣ್ಣನೂ ತಾಂಡೇಲ. ಅವರ ಬೋಟೂ ಇದೇ ಸಮುದ್ರಕ್ಕೆ ಹೋಗುವುದು. ಗೊತ್ತಿದ್ದದ್ದೇ, ಆದರೆ ಆ ಗಳಿಗೆಯವರೆಗೆ ನಾನು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಅವ್ರಿಗೆ ನಾ ಹೇಳ್ತೆ ಅಂತ ಮಾಡಿದ್ಯಾ?"

"ಹೇಳೂದಿಲ್ಲ. ಗೊತ್ತಿದ್ರೆ, ಅವ್ರು ಕೇಳಿದ ದಿನ ನೀ ಸುಳ್ಳು ಹೇಳ್ಬೇಕಾತದೆ. ಉಣ್ಣೂದು ಆ ಮನೇಲಿ. ಆ ಕಷ್ಟ ನಿಂಗೆ ಎಂತಕ್ಕೆ?"

ಮೊಬೈಲನ್ನು ಅಣ್ಣನ ಕೈಗೆ ಕೊಟ್ಟು, ಒಂದೊಂದು ಗುರುತನ್ನು ತಿದ್ದುವುದು ಹೇಗೆಂದು ತೋರಿಸಿ ಹೊರಗೆ ಬಂದು ಜಗುಲಿಯಲ್ಲಿ ಕೂತೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎನ್ನುವುದನ್ನು ಎಷ್ಟು ಮದುವೆಮನೆಗಳಲ್ಲಿ ಕೇಳಿಲ್ಲ, ನಕ್ಕಿಲ್ಲ. ಈಗ ನಗು ಬರಲಿಲ್ಲ. ಒಳಗಿಂದ ಅಪ್ಪನ ಪಿಸುಮಾತು, ಅಣ್ಣನ ಹ್ಞೂಂ. ನನ್ನ ಕೈಗೆ ಕೊಟ್ಟಿದ್ದರೆ ಒಂದೇ ಒಂದು ಸಾಲು ಪ್ರೋಗ್ರಾಂ ಬರೆದು ಮುಗಿಸುವ ಕೆಲಸ. ಬಲೆ ಎಳೆದು ಒರಟಾದ ಬೆರಳಲ್ಲಿ ಅಣ್ಣ ಒಂದೊಂದನ್ನೇ ಅಳಿಸಿ, ಒಂದೊಂದನ್ನೇ ಬರೆದ. ಬಿಸಿಲು ಜಗುಲಿ ಹತ್ತಿ ನನ್ನ ಪಾದದ ಮೇಲೆ ಬಂತು, ಕಾಲು ಎಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಅಪ್ಪ ಹೇಳಿದ್ದು ನನ್ನ ಒಳ್ಳೆಯದಕ್ಕೇ. ಆದರೂ ಅವಮಾನವಾಯಿತು, ಇಲ್ಲ ಅನ್ನಲಾರೆ.

ಕೊನೆಗೆ ಅಣ್ಣ ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದು, ಮೊಬೈಲನ್ನು ನನ್ನ ಮಡಿಲಿಗೆ ಇಟ್ಟ. ನನ್ನ ಮುಖ ನೋಡಲಿಲ್ಲ.

"ಇದಕ್ಕೊಂದು ಬೀಗ ಹಾಕ್ಕೊಡು, ತಂಗಿ. ಯಾರಿಗೂ ತೆಗೂಕೆ ಬರ್ಬಾರ್ದು."

ಹಾಕಿಕೊಟ್ಟೆ. ಹೊಸ ನಂಬರು ಒತ್ತಿ ಎಂದು ಪರದೆ ಕೇಳಿದಾಗ ಅವನ ಕೈಗೆ ಕೊಟ್ಟು, ಅವನು ಒತ್ತಿ ಮುಗಿಸುವವರೆಗೆ ರಸ್ತೆಯ ಕಡೆ ಮುಖ ತಿರುಗಿಸಿ ಕೂತೆ.